ವೆಬ್‌ಸೈಟಿಗೆ ಫೀಡ್ ಹಾಕಿದ್ರೆ ಜನ ಬರ್ತಾರಾ?

ಇಲ್ಲ. ಬರುವುದಿಲ್ಲ.

ಅವಸರದಲ್ಲಿ ಇರುವವರು ಇಲ್ಲಿಗೇ ನಿಲ್ಲಿಸಬಹುದು. ಉಳಿದವರಿಗೆ ಸ್ವಲ್ಪ ಹೇಳಲಿಕ್ಕೆ ಉಂಟು. ಇಷ್ಟು ವರ್ಷ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಯಾರಾದರೂ ಕೇಳಿದರೆ ಈ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ಉಡುಪಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ಕಲ್ಸಂಕದ ಹತ್ತಿರ ಎರಡನೇ ಮಹಡಿಯಲ್ಲಿ ಆಫೀಸು, ಲಿಫ್ಟ್ ಇಲ್ಲ. ಬರುವವರು ಏದುಸಿರು ಬಿಡುತ್ತಾ ಮೊದಲು ನೀರು ಕೇಳುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ಸೈಟು ಮುಗಿದು ಎರಡು ತಿಂಗಳಾದ ಮೇಲೆ ಫೋನು. "ಯಾರೂ ಬರ್ತಾ ಇಲ್ಲ ಮಾರಾಯ್ರೆ. ಅದೆಂತದೋ ಫೀಡ್ ಅಂತ ಉಂಟಂತಲ್ಲ, ಅದೊಂದು ಹಾಕಿ ಕೊಡಿ. ಜನ ಬರ್ಲಿ."

ನನಗೆ ಸಿಟ್ಟು ಬರುವುದು ಆ 'ಹಾಕಿ' ಎಂಬ ಮಾತಿಗೆ. ತೆಂಗಿನ ಬುಡಕ್ಕೆ ಗೊಬ್ಬರ ಹಾಕಿದ ಹಾಗೆ. ಒಂದು ಬುಟ್ಟಿ ಫೀಡ್ ಹಾಕಿದರೆ ಮುಂದಿನ ವರ್ಷ ಗೊನೆ ತುಂಬಾ ವಿಸಿಟರ್ಸ್. ಇನ್ನು ಕೆಲವರು "ಎಷ್ಟು ಪರ್ಸೆಂಟ್ ಜಾಸ್ತಿ ಆಗ್ಬಹುದು?" ಅಂತ ಕೇಳುತ್ತಾರೆ. ಅವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ.

ತಮಾಷೆ ಅಂದರೆ ಹೆಚ್ಚಿನವರ ಸೈಟಿನಲ್ಲಿ ಫೀಡ್ ಆಗಲೇ ಇರುತ್ತದೆ. ವರ್ಡ್‌ಪ್ರೆಸ್ ಎಂಬ ಸೈಟು ಕಟ್ಟುವ ಸಾಫ್ಟ್‌ವೇರಿನಲ್ಲಿ ಮಾಡಿದ್ದಾದರೆ ಮೊದಲ ದಿನದಿಂದಲೇ ಉಂಟು, ಕೇಳದೆಯೇ ಕೊಟ್ಟದ್ದು. ನಿಮ್ಮ ಸೈಟಿನ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ, ಇಂಗ್ಲಿಷಿನಲ್ಲಿ ಫೀಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಆಯುಧದ ತುದಿಗಳಂಥ ಚಿಹ್ನೆಗಳ ಒಂದು ಕಾಡು ತೆರೆದುಕೊಳ್ಳುತ್ತದೆ. ಹೆದರಬೇಡಿ. ಅದು ನಿಮಗಲ್ಲ, ಸಾಫ್ಟ್‌ವೇರಿಗೆ. ಅದರೊಳಗೆ ಇರುವುದು ಇಷ್ಟೇ: ನೀವು ಇತ್ತೀಚೆಗೆ ಬರೆದ ಹತ್ತು ಬರಹಗಳ ತಲೆಬರಹ, ಲಿಂಕು, ತಾರೀಕು, ಮತ್ತೆ ಬರಹವೋ ಅದರ ತುಂಡೋ. ಇಂಥ ಕಡತಗಳನ್ನು ಓದಿ ತೋರಿಸುವ ಆ್ಯಪಿಗೆ ಫೀಡ್ ರೀಡರ್ ಅನ್ನುತ್ತಾರೆ. ಓದುಗ ತನ್ನ ಫೀಡ್ ರೀಡರ್‌ನಲ್ಲಿ ನಿಮ್ಮ ವಿಳಾಸ ಕೊಟ್ಟಿದ್ದರೆ ಅದು ಆಗಾಗ ಬಂದು ಈ ಕಡತವನ್ನು ನೋಡಿ ಹೋಗುತ್ತದೆ. ಹೊಸತು ಇದ್ದರೆ ಅವನಿಗೆ ತೋರಿಸುತ್ತದೆ. ಇಲ್ಲದಿದ್ದರೆ ಇಲ್ಲ.

ಹೀಗೆ ಹೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ ಅಂತ ಗೊತ್ತಾದದ್ದು ಕಟಪಾಡಿಯ ಒಂದು ಮೆಹಂದಿ ದಿನ. ದೊಡ್ಡಪ್ಪನ ಮೊಮ್ಮಗಳ ಮದುವೆಯ ಹಿಂದಿನ ರಾತ್ರಿ. ಮನೆ ಅಂಗಳದಲ್ಲಿ ಚಪ್ಪರ, ಒಂದು ಮೂಲೆಯಲ್ಲಿ ಡಿಜೆ, ಇನ್ನೊಂದು ಮೂಲೆಯಲ್ಲಿ ಕೋರಿ ರೊಟ್ಟಿ. ನಾನು ರೊಟ್ಟಿ ಮುರಿದು ಮೇಲೆ ಸಾರು ಹಾಕಿಸಿಕೊಂಡು, ರೊಟ್ಟಿ ಮೆತ್ತಗಾಗುವ ಮೊದಲು ತಿನ್ನಬೇಕು ಅಂತ ಕೂತಿದ್ದೆ. ಭಾವ ಬಂದು ಪಕ್ಕದ ಕುರ್ಚಿ ಎಳೆದರು. ಭಾವನದ್ದು ಮಲ್ಪೆ ಕಡೆ ಒಂದು ಹೋಮ್‌ಸ್ಟೇ. ಸೈಟು ನಾನೇ ಮಾಡಿಕೊಟ್ಟದ್ದು. ನಾಲ್ಕು ಪುಟ, 2019ರಿಂದ ಅದರಲ್ಲಿ ಒಂದು ಅಲ್ಪವಿರಾಮವೂ ಬದಲಾಗಿಲ್ಲ.

ಮಾತೆಲ್ಲ ತುಳುವಿನಲ್ಲಿ ಆದದ್ದು, ಇಲ್ಲಿ ಕನ್ನಡ ಮಾಡಿದ್ದೇನೆ. ಡಿಜೆ ಸದ್ದಿನಲ್ಲಿ ಭಾವ ಕಿವಿಯ ಹತ್ತಿರ ಬಂದು ಬೊಬ್ಬೆ ಹಾಕುತ್ತಿದ್ದರು. ಯಾರೋ ಮಣಿಪಾಲದ ಹುಡುಗ ಅವರಿಗೆ ಹೇಳಿದ್ದನಂತೆ, ಅದೊಂದು ಇದ್ದರೆ ಸೈಟಿಗೆ ಜನ ತನ್ನಿಂದ ತಾನೇ ಬರುತ್ತಾರೆ ಅಂತ. ನಾನು "ಯಾವುದು ಭಾವ?" ಅಂತ ಕೇಳುವುದಕ್ಕೂ, ಡಿಜೆ ಹಾಡು ಬದಲಿಸಲು ನಿಲ್ಲಿಸುವುದಕ್ಕೂ, ಭಾವ ಎದೆ ತುಂಬಿ "ಆರೆಸ್ಸೆಸ್ ಮಾರಾಯ! ಆರೆಸ್ಸೆಸ್ ಹಾಕಿಲ್ವಾ ನೀನು ನಂಗೆ?" ಅನ್ನುವುದಕ್ಕೂ ಸರಿಹೋಯಿತು.

ಅರ್ಧ ಚಪ್ಪರ ತಿರುಗಿ ನೋಡಿತು. ಫೀಡಿನ ತಾಂತ್ರಿಕ ಹೆಸರೂ ಅದೇ. ಆದರೆ ನಮ್ಮ ಊರಲ್ಲಿ ಆ ಮೂರಕ್ಷರಕ್ಕೆ ಒಂದೇ ಅರ್ಥ ಇರುವುದು. ಅಂದಿನಿಂದ ನಾನು ಬರೀ ಫೀಡ್ ಅಂತಲೇ ಹೇಳುತ್ತೇನೆ.

ನಾನು ಕೇಳಿದೆ, "ಫೀಡ್ ಆಗಲೇ ಉಂಟು ಭಾವ. ಅದರಲ್ಲಿ ಎಂತ ಬರ್ಬೇಕು? ಹೊಸತು ಎಂತ ಹಾಕ್ತೀರಿ ನೀವು ಸೈಟಿಗೆ?"

"ಹೊಸತು ಎಂತ ಹಾಕುದು? ರೂಮು ಇದ್ದ ಹಾಗೇ ಉಂಟಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರೊಟ್ಟಿಯೂ ಅಷ್ಟೊತ್ತಿಗೆ ಮೆತ್ತಗಾಗಿತ್ತು.

ಮರುದಿನ ಬೆಳಿಗ್ಗೆ ಹೊಳೆಯಿತು. ನಮ್ಮ ಓಣಿಗೆ ಒಂಬತ್ತೂವರೆಗೆ ಮೀನಿನವನು ಬರುತ್ತಾನೆ. ಸ್ಕೂಟರಿನ ಹಿಂದೆ ಪೆಟ್ಟಿಗೆ, ಮುಂದೆ ರಬ್ಬರ್ ಹಾರ್ನು. ಪೋಂ ಪೋಂ ಅಂತ ಎರಡು ಸಲ ಒತ್ತಿದರೆ ಗೇಟಿನ ಹತ್ತಿರ ಮೊದಲು ಬೆಕ್ಕು ಬರುತ್ತದೆ, ಹಿಂದೆ ಪಾತ್ರೆ ಹಿಡಿದುಕೊಂಡು ಹೆಂಗಸರು. ಬಂಗುಡೆಯೋ ಬೂತಾಯಿಯೋ ಅಂತ ಕೇಳಲಿಕ್ಕೂ ಇಲ್ಲ, ಪೆಟ್ಟಿಗೆ ನೋಡಿದರೆ ಗೊತ್ತಾಗುತ್ತದೆ. ಜೂನ್, ಜುಲೈಯಲ್ಲಿ ಟ್ರಾಲಿಂಗ್ ನಿಷೇಧದ 61 ದಿನ ಅವನು ಬರುವುದೇ ಅಪರೂಪ. ಆಗ ಹಾರ್ನ್ ಇಲ್ಲ. ಬೆಕ್ಕೂ ಗೇಟಿಗೆ ಹೋಗುವುದಿಲ್ಲ.

ಫೀಡ್ ಅಂದರೆ ಆ ಹಾರ್ನು. ಅಷ್ಟೇ. ಅದು ಕೇಳಿಸುವುದು ಈಗಾಗಲೇ ಮೀನು ತಿನ್ನುವವರಿಗೆ, ಆ ಓಣಿಯಲ್ಲಿ ಇರುವವರಿಗೆ. ಹಾರ್ನ್ ಕೇಳಿ ಬೆಂಗಳೂರಿನಿಂದ ಯಾರೂ ಬಸ್ಸು ಹತ್ತುವುದಿಲ್ಲ. ಒಮ್ಮೆ ಬಂದವನು ಮರೆಯದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಹೊಸಬರನ್ನು ಕರೆದು ತರುವುದಲ್ಲ. ಮತ್ತೆ ಭಾವನ ವಿಷಯದಲ್ಲಿ, ಪೆಟ್ಟಿಗೆಯಲ್ಲಿ ಮೀನೇ ಇಲ್ಲ. ಹಾರ್ನ್ ಮಾತ್ರ ಬೇಕಂತೆ.

ಹಾಗಾದರೆ ಹೊಸಬರಿಗೂ ಫೀಡಿಗೂ ಸಂಬಂಧವೇ ಇಲ್ಲವಾ ಅಂದರೆ, ಸ್ವಲ್ಪ ಉಂಟು. ಗೂಗಲ್‌ನ ಸರ್ಚ್ ಕನ್ಸೋಲ್ ಅಂತ ಸೈಟಿನ ಮಾಲೀಕರಿಗೆ ಒಂದು ಸೌಲಭ್ಯ ಉಂಟು, ಅದರಲ್ಲಿ ಸೈಟ್‌ಮ್ಯಾಪ್, ಅಂದರೆ ಸೈಟಿನ ಪುಟಗಳ ಪಟ್ಟಿ, ಕೊಡುವ ಜಾಗದಲ್ಲಿ ಫೀಡ್ ಕೊಟ್ಟರೂ ತೆಗೆದುಕೊಳ್ಳುತ್ತದೆ. ಹೊಸ ಪುಟ ಬಂದದ್ದು ಗೂಗಲ್‌ಗೆ ಬೇಗ ಗೊತ್ತಾಗುತ್ತದೆ. ಟೆಲಿಗ್ರಾಂ ಚಾನೆಲ್ಲಿಗೋ ಇಮೇಲ್ ಪತ್ರಕ್ಕೋ ಫೀಡಿನಿಂದಲೇ ತನ್ನಷ್ಟಕ್ಕೆ ಹೋಗುವ ಹಾಗೆ ಮಾಡಬಹುದು, ಅಲ್ಲಿಂದ ಯಾರಾದರೂ ಇನ್ನೊಬ್ಬರಿಗೆ ಕಳಿಸಬಹುದು. ಪಾಡ್‌ಕಾಸ್ಟ್ ಕೇಳುತ್ತೀರಲ್ಲ, ಅದು ನಡೆಯುವುದೂ ಇದೇ ಫೀಡಿನ ಮೇಲೆ. ಆದರೆ ಇದೆಲ್ಲಕ್ಕೂ ಮೊದಲು ಬರೆದದ್ದು ಏನಾದರೂ ಇರಬೇಕು. ಅಲ್ವಾ?

ಫೀಡನ್ನು ಕಂಡುಹಿಡಿದವರಿಗೂ ಜನ ಸೇರಿಸುವ ಆಸೆಯೇ ಇತ್ತು ಅನ್ನಿ. 1999ರ ಮಾರ್ಚಿನಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ತನ್ನ ಪೋರ್ಟಲ್ ಪುಟದಲ್ಲಿ ಬೇರೆ ಬೇರೆ ಸೈಟುಗಳ ತಲೆಬರಹ ತೋರಿಸಲಿಕ್ಕೆ ಮಾಡಿದ್ದು ಇದರ ಮೊದಲ ರೂಪ. ಮಾಡಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. 2005ರಲ್ಲಿ ಗೂಗಲ್ ರೀಡರ್ ಬಂತು. ನಾವೆಲ್ಲ ಬೆಳಿಗ್ಗೆ ಎದ್ದು ಅದನ್ನೇ ತೆರೆಯುತ್ತಿದ್ದೆವು. ಬಳಸುವವರು ಕಡಿಮೆಯಾದರು ಅಂತ ಹೇಳಿ ಗೂಗಲ್ ಅದನ್ನು 2013ರ ಜುಲೈ 1ಕ್ಕೆ ಮುಚ್ಚಿತು. ಜುಲೈ 1 ಅಂದರೆ ನಮಗೆ ಪತ್ರಿಕಾ ದಿನ. 1843ರಲ್ಲಿ ಅದೇ ತಾರೀಕಿಗೆ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದದ್ದು, ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ. ಸರಿಯಾಗಿ 170 ವರ್ಷ. ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಆ ದಿನ ಒಬ್ಬನೇ ಕೂತು ನಾನು ಓದುವ ಸೈಟುಗಳ ಪಟ್ಟಿಯನ್ನು ಫೀಡ್ಲಿ ಎಂಬ ಇನ್ನೊಂದು ರೀಡರ್‌ಗೆ ಸಾಗಿಸುತ್ತಿದ್ದಾಗ ನೆನಪಾಯಿತು, ಅಷ್ಟೇ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಫೀಡ್ ಸರಿಯಾಗಿ ಕೊಟ್ಟರೆ ನಿಮ್ಮ ವಿಸಿಟರ್ಸ್ ಲೆಕ್ಕ ಕಡಿಮೆಯೂ ಆಗಬಹುದು. ವರ್ಡ್‌ಪ್ರೆಸ್ಸಿನ ರೀಡಿಂಗ್ ಸೆಟ್ಟಿಂಗ್ಸಿನಲ್ಲಿ ಎರಡು ಆಯ್ಕೆ ಇದೆ: ಫೀಡಿನಲ್ಲಿ ಪೂರ್ತಿ ಬರಹ ಕೊಡುವುದು, ಇಲ್ಲವೇ ತುಂಡು ಕೊಡುವುದು. ಪೂರ್ತಿ ಕೊಟ್ಟರೆ ಓದುಗ ತನ್ನ ರೀಡರ್‌ನಲ್ಲೇ ಓದಿ ಮುಗಿಸುತ್ತಾನೆ. ನಿಮ್ಮ ಸೈಟಿಗೆ ಕಾಲಿಡುವುದಿಲ್ಲ. ಸೈಟಿಗೆ ಬಂದವರ ಲೆಕ್ಕ ಇಡುವ ಅನಾಲಿಟಿಕ್ಸ್‌ನಲ್ಲಿ ಅವನು ಇಲ್ಲವೇ ಇಲ್ಲ. ಅದಕ್ಕೇ ಕೆಲವರು ಎರಡು ಸಾಲು ತೋರಿಸಿ 'ಮುಂದೆ ಓದಿ' ಅನ್ನುತ್ತಾರೆ. ನಾನೂ ಒಂದು ವರ್ಷ ಹಾಗೆ ಮಾಡಿದ್ದೆ. ನಾಚಿಕೆಯ ವಿಷಯ. ಊಟಕ್ಕೆ ಕರೆದು, ಉಪ್ಪಿನಕಾಯಿ ಬಡಿಸಿ, ಉಳಿದದ್ದಕ್ಕೆ ಒಳಗೆ ಬನ್ನಿ ಅಂದ ಹಾಗೆ.

ಪೂರ್ತಿ ಕೊಟ್ಟರೆ ಕದಿಯುತ್ತಾರೆ ಅನ್ನುವ ಹೆದರಿಕೆಯೂ ಇದೆ. ಹೌದು, ಕದಿಯುತ್ತಾರೆ. ಫೀಡಿನಿಂದ ಎತ್ತಿ ತಮ್ಮ ಸೈಟಿಗೆ ಅಂಟಿಸುವ ಪ್ರೋಗ್ರಾಂಗಳಿವೆ. ಬರಹದ ನಡುವೆ ನಿಮ್ಮದೇ ಹಳೆಯ ಬರಹಗಳಿಗೆ ಲಿಂಕ್ ಕೊಟ್ಟಿರಿ. ಕದ್ದವನು ಓದಿ ಕದಿಯುವುದಿಲ್ಲ, ಲಿಂಕೂ ಜೊತೆಗೇ ಹೋಗುತ್ತದೆ.

ಲೆಕ್ಕಕ್ಕೆ ಸಿಗದ ಈ ಓದುಗರು ನಿಜಕ್ಕೂ ಇದ್ದಾರೆ ಅಂತ ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ. ನನ್ನ ಸ್ವಂತ ಸೈಟಿಗೆ ವರ್ಡ್‌ಪ್ರೆಸ್ ಇಲ್ಲ. ಫೀಡ್ ತಯಾರಿಸುವ ಸಣ್ಣ ಪ್ರೋಗ್ರಾಂ ನಾನೇ ಬರೆದದ್ದು. ಜಂಭ. ಒಂದು ಬರಹಕ್ಕೆ 'ಬನ್ಸ್ & ಬ್ಯಾಂಡ್‌ವಿಡ್ತ್' ಅಂತ ತಲೆಬರಹ ಕೊಟ್ಟೆ. ಫೀಡಿನ ಕಡತ ಇರುವುದು ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ಬರವಣಿಗೆಯಲ್ಲಿ, ಅದರಲ್ಲಿ ಆ & ಚಿಹ್ನೆಯನ್ನು ಹಾಗೇ ಬರೆಯುವಂತಿಲ್ಲ. ಅದು ಕಂಡರೆ 'ಇಲ್ಲಿಂದ ಒಂದು ವಿಶೇಷ ಚಿಹ್ನೆಯ ಹೆಸರು ಶುರು' ಅಂತ ಅರ್ಥ. ಹೆಸರು ಸಿಗದಿದ್ದರೆ ಓದುವ ಯಂತ್ರ ಆ ಒಂದು ಸಾಲನ್ನಲ್ಲ, ಇಡೀ ಕಡತವನ್ನೇ ಒಲ್ಲೆ ಅನ್ನುತ್ತದೆ. ಮಾಮೂಲಿ ವೆಬ್ ಪುಟ ಇಂಥ ತಪ್ಪನ್ನು ನುಂಗಿಕೊಳ್ಳುತ್ತದೆ. ಎಕ್ಸ್‌ಎಂಎಲ್ ಹಳೇ ಕಾಲದ ಗಣಿತ ಮೇಷ್ಟ್ರು. ಒಂದು ಚಿಹ್ನೆ ತಪ್ಪಿದರೂ ಸೊನ್ನೆ.

ಐದು ವಾರ ನನಗೆ ಗೊತ್ತೇ ಆಗಲಿಲ್ಲ. ಸೈಟು ಚೆನ್ನಾಗಿಯೇ ಕಾಣುತ್ತಿತ್ತು. ಮೂರು ಬರಹ ಹಾಕಿದ್ದೆ. ಆಮೇಲೆ ದುಬೈಯಿಂದ ಒಂದು ಮೇಲ್, ಪರಿಚಯವೇ ಇಲ್ಲದವರದು. "ಬರೆಯುವುದು ಬಿಟ್ಟಿರಾ? ಹುಷಾರಿದ್ದೀರಲ್ಲ?" ಇಷ್ಟೇ.

ಆ ದಿನ ಮೊದಲ ಸಲ ಸರ್ವರಿನ ಲಾಗ್, ಅಂದರೆ ಯಾರು ಬಂದು ಏನು ತೆಗೆದುಕೊಂಡರು ಅನ್ನುವ ದಾಖಲೆ, ತೆರೆದು ನೋಡಿದೆ. ಫೀಡ್ಲಿಯಂಥ ರೀಡರ್‌ಗಳು ಕಡತ ತೆಗೆದುಕೊಂಡು ಹೋಗುವಾಗ ತಮ್ಮ ಹೆಸರಿನ ಜೊತೆಗೆ ಇಷ್ಟು ಜನರಿಗಾಗಿ ಬಂದಿದ್ದೇನೆ ಅಂತಲೂ ಬರೆದು ಹೋಗುತ್ತವೆ. ಒಂದು ಸಾಲಿನ ಕೊನೆಯಲ್ಲಿ ಇತ್ತು: 41 ಸಬ್‌ಸ್ಕ್ರೈಬರ್ಸ್. ದೊಡ್ಡ ಸಂಖ್ಯೆ ಏನಲ್ಲ. ಭಾವನಿಗೆ ಹೇಳಿದರೆ ನಗುತ್ತಾರೆ. ಆದರೆ ನಲವತ್ತೊಂದು ಜನ ನಮ್ಮ ಮನೆ ಅಂಗಳಕ್ಕೆ ಬಂದರೆ ಕುರ್ಚಿ ಬಾಡಿಗೆಗೆ ತರಬೇಕಾಗುತ್ತದೆ.

ಇಷ್ಟು ವರ್ಷದಲ್ಲಿ ಒಬ್ಬರಾದರೂ "ನೀವು ಯಾರದ್ದೆಲ್ಲ ಓದ್ತೀರಿ?" ಅಂತ ಕೇಳಿದ್ದಿಲ್ಲ. ಎಲ್ಲರಿಗೂ ಫೀಡ್ ಕೊಡಬೇಕು, ಯಾರಿಗೂ ಫೀಡ್ ಬೇಡ. ಫೀಡಿನಿಂದ ಜನ ತರಿಸಬೇಕು ಅನ್ನುವವರ ಫೋನಿನಲ್ಲಿ ಒಂದು ಫೀಡ್ ರೀಡರ್ ಇರುವುದನ್ನು ನಾನು ಕಂಡಿಲ್ಲ. ತಾವು ಮಾಡದ್ದನ್ನು ಊರವರು ಮಾಡಬೇಕಂತೆ.

ಕೇಳಿದ್ದರೆ ಹೇಳುತ್ತಿದ್ದೆ. ನನ್ನ ಪಟ್ಟಿಯಲ್ಲಿ ಅರ್ಧಕ್ಕರ್ಧ ಸತ್ತ ಸೈಟುಗಳು. ಬರೆಯುವುದು ನಿಲ್ಲಿಸಿದವರು, ಮದುವೆಯಾದವರು, ಫೇಸ್‌ಬುಕ್ಕಿಗೆ ಹೋದವರು. ತೆಗೆದುಹಾಕಿಲ್ಲ. ಇಟ್ಟುಕೊಂಡರೆ ಖರ್ಚಿಲ್ಲ, ಸದ್ದೂ ಇಲ್ಲ. ಫೇಸ್‌ಬುಕ್ಕಿನಲ್ಲಿ ನಾಲ್ಕು ದಿನ ಬರೆಯದವನನ್ನು ಅದು ಹಿಂದಕ್ಕೆ ತಳ್ಳುತ್ತದೆ. ಫೀಡಿಗೆ ಆ ಬುದ್ಧಿ ಇಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಒಂದು ಸಾಲು ಬರೆದರೂ ಅದು ಮೇಲೆ ಬಂದು ನಿಲ್ಲುತ್ತದೆ.

ಕಾರ್ಕಳದ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರದ್ದು ಹಾಗೇ ಒಂದು ಬ್ಲಾಗ್‌ಸ್ಪಾಟ್ ಪುಟ ಇದೆ. ತಮ್ಮ ಮನೆಯ ಬಾವಿಯ ನೀರು ಯಾವ ತಿಂಗಳು ಎಷ್ಟನೇ ಮೆಟ್ಟಿಲಿಗೆ ಇದೆ ಅಂತ ಬರೆಯುತ್ತಿದ್ದರು. ಜೊತೆಗೆ ಎರಡು ಸಾಲು ಹವೆ, ಒಂದು ಸಾಲು ಹಲಸು. ಮಧ್ಯೆ ನಿಂತುಹೋಯಿತು. ನಾನು ಏನೋ ಆಗಿರಬೇಕು ಅಂದುಕೊಂಡಿದ್ದೆ. ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ, ಆಫೀಸಿನ ಮೆಟ್ಟಿಲು ಹತ್ತಿ ಕೂತು ರೀಡರ್ ತೆರೆದರೆ, ಮೂರು ವರ್ಷದ ಮೇಲೆ, ಎಲ್ಲಕ್ಕಿಂತ ಮೇಲೆ ಅವರ ಹೆಸರು. ಹನ್ನೊಂದು ಸಾಲು. ಕಣ್ಣಿನ ಆಪರೇಶನ್ ಆಗಿತ್ತಂತೆ. ನೀರು ಈಗ ಕೆಳಗಿನಿಂದ ಎರಡನೇ ಮೆಟ್ಟಿಲಿಗೆ ಇದೆಯಂತೆ. ಮೊಮ್ಮಗಳು ಇಳಿದು ನೋಡಿ ಹೇಳಿದ್ದು, ತಪ್ಪಿದ್ದರೆ ಅವಳದ್ದು ಅಂತ ಬರೆದಿದ್ದರು.

ಅವರು ಫೀಡಿನಲ್ಲಿ ಪೂರ್ತಿ ಬರಹ ಕೊಡುವವರು. ಓದಿ ಮುಗಿದಿತ್ತು, ಸೈಟಿಗೆ ಹೋಗುವ ಅಗತ್ಯ ಏನೂ ಇರಲಿಲ್ಲ. ಆದರೂ ಲಿಂಕ್ ಒತ್ತಿ ಒಮ್ಮೆ ಹೋದೆ. ಪುಟದ ಕೆಳಗೆ ಹಳೇ ಕಾಲದ ಒಂದು ಕೌಂಟರ್ ಉಂಟು, ಕಪ್ಪು ಚೌಕದಲ್ಲಿ ಬಿಳಿ ಅಂಕೆಗಳದ್ದು. ಅದರಲ್ಲಿ ಒಂದು ಜಾಸ್ತಿ ಆಗುವ ತನಕ ಕಾದು, ಮುಚ್ಚಿ ಬಂದೆ.