ಕಲೆ ಬಾರದವರು ಏನು ಮಾಡಬೇಕು?

"ಅಕ್ಕಾ, ನಮಗ ಚಿತ್ರಾ ಬಿಡ್ಸಾಕ ಬರಂಗಿಲ್ಲ, ಹಾಡಾಕ ಬರಂಗಿಲ್ಲ. ಒಬ್ಬರ ಕುಂತು ಕುಂತು ತಲಿ ಕೆಟ್ಟರ ಏನ್ ಮಾಡೂದು?"

ಲಾಕ್‌ಡೌನ್ ದಿನಗಳಲ್ಲಿ ಕಸೂತಿ ನನ್ನ ಕೈ ಹಿಡಿಯಿತು ಅಂತ ಯಾರ ಮುಂದೆ ಹೇಳಿದರೂ ಈ ಪ್ರಶ್ನೆ ಬರುತ್ತದೆ. ಧಾರವಾಡದ ಪಿಜಿಯಲ್ಲಿ ಇದ್ದು ಪರೀಕ್ಷೆಗೆ ಓದುತ್ತಿರುವ ಹುಡುಗಿ ಕೇಳಿದ್ದಾಳೆ. ಮಕ್ಕಳೆಲ್ಲ ಪುಣೆ, ಬೆಂಗಳೂರು ಸೇರಿದ ಮೇಲೆ ಒಬ್ಬರೇ ಉಳಿದ ಹಿರಿಯರು ಕೇಳಿದ್ದಾರೆ. ಮೂರು ತಿಂಗಳಿಂದ ಬಾಣಂತಿ ಕೋಣೆಯಲ್ಲೇ ಇರುವ ಗೆಳತಿ ಮೊನ್ನೆ ಕೇಳಿದಳು. ಎಲ್ಲರಿಗೂ ನನ್ನ ಉತ್ತರ ಒಂದೇ: ಎಣಿಸಲು ಬರುತ್ತದೆ ಅಲ್ವಾ? ಅಷ್ಟು ಸಾಕು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಸುದ್ದಿ ಬಂದಾಗ ನಾನು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಅವ್ವ ಗದಗಿನಲ್ಲಿ. ದೂರವೇನೂ ಅಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರುವ ಊರು, ಆದರೆ ಬಸ್ಸೇ ಇಲ್ಲ. ಮೂರನೇ ವಾರಕ್ಕೆ ಸಂಜೆಯಾದರೆ ಎದೆ ಡವಡವ ಅನ್ನಲು ಶುರುವಾಯಿತು. ರಾತ್ರಿ ಎರಡಾದರೂ ನಿದ್ದೆ ಇಲ್ಲ, ಕೈಯಲ್ಲಿ ಫೋನು, ಫೋನಿನಲ್ಲಿ ಬರೀ ಸಾವಿನ ಲೆಕ್ಕ. ಅವ್ವನ ಜೊತೆಗೂ ಮಾತು ಮುಗಿದಿತ್ತು. ಊಟ ಆಯ್ತಾ, ಆಯ್ತು. ಅಷ್ಟೇ.

ಒಂದು ದಿನ ಬ್ಯಾಗ್ ಜಾಡಿಸುವಾಗ ಅವ್ವನ ಅರ್ಧ ಮುಗಿದ ಕುಶನ್ ಕವರ್ ಸಿಕ್ಕಿತು. ಅದಕ್ಕೆ ಹೊಂದುವ ಕೆಂಪು ದಾರ ದುರ್ಗದಬೈಲಿನಲ್ಲಿ ಹುಡುಕಿ ತಾ ಅಂತ ಕೊಟ್ಟಿದ್ದಳು. ದಾರ ತಂದಿದ್ದೆ, ಕೊಡಲು ಹೋಗಲು ಆಗಿರಲಿಲ್ಲ. ಫೋನ್ ಮಾಡಿದರೆ ಅವ್ವ, "ಹೆಂಗೂ ನಿನ್ನ ಹತ್ರ ಐತಿ, ನೀನ ಮುಗಸು" ಅಂದಳು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಇಳಕಲ್ ಸೀರೆಯ ಮೇಲಿನ ಗೋಪುರ, ತುಳಸಿಕಟ್ಟೆ, ತೇರು, ನವಿಲು ಎಲ್ಲವೂ ಇವುಗಳಲ್ಲೇ ಮೂಡುತ್ತವೆ. ಖಾಲಿ ಹಾಳೆ ಮುಂದೆ ಕೂತರೆ 'ಏನು ಬರೆಯಲಿ' ಅನ್ನುವುದೇ ಭಯ. ಇಲ್ಲಿ ಆ ಭಯವಿಲ್ಲ, ನಾಲ್ಕು ಎಳೆ ಬಿಡು, ಸೂಜಿ ಇಳಿಸು, ಮತ್ತೆ ನಾಲ್ಕು ಎಳೆ. ಲೆಕ್ಕ ತಪ್ಪಿದರೆ ಗೋಪುರ ಸೊಟ್ಟ ಆಗುತ್ತದೆ, ಹಾಗಾಗಿ ಎಣಿಸುವಾಗ ಬೇರೆ ಲೆಕ್ಕ ತಲೆಯೊಳಗೆ ಬರಲು ಜಾಗವೇ ಇರಲಿಲ್ಲ. ನನಗೆ ಬೇಕಾಗಿದ್ದೂ ಅದೇ.

ಗವಂತಿ ಹೊಲಿಗೆ ಹೋಗುವಾಗ ಒಂದು ಬಿಟ್ಟು ಒಂದು ಬೀಳುತ್ತದೆ. ಬಿಟ್ಟ ಜಾಗ ವಾಪಸ್ ಬರುವಾಗ ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ಅದಕ್ಕೇ ಅವ್ವ ವಿಡಿಯೋ ಕಾಲ್‌ನಲ್ಲಿ ಮುಂದಿನ ಬದಿ ನೋಡುತ್ತಲೇ ಇರಲಿಲ್ಲ. "ತಿರುಗಿಸಿ ಹಿಂದ ತೋರಸು" ಅನ್ನುತ್ತಿದ್ದಳು. ಒಮ್ಮೆ ಸ್ವಲ್ಪ ಹೊತ್ತು ನೋಡಿ, "ಈ ಸಾಲು ಹಾಕುಮುಂದ ನಿದ್ದಿ ಮಾಡಿದ್ದಿಲ್ಲ ನೀ" ಅಂದಳು. ನಿಜ, ಹಿಂದಿನ ರಾತ್ರಿ ಕಣ್ಣೇ ಮುಚ್ಚಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತು ಫೋನಿನಲ್ಲೇ ಅತ್ತುಬಿಟ್ಟೆ, ಬಹಳ ಹೊತ್ತು ಮಾತಾಡಿದೆವು. ಹೊಲಿಗೆಯಿಂದ ಸಿಕ್ಕ ದೊಡ್ಡ ಲಾಭ ಅದು ಅಂತ ನನಗೆ ಈಗಲೂ ಅನಿಸುತ್ತದೆ.

ಇದು ನನ್ನೊಬ್ಬಳ ಅನುಭವ ಮಾತ್ರ ಅಲ್ಲ. 'ಆರ್ಟ್ ಥೆರಪಿ', ಅಂದರೆ ಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ, ಎಂಬ ಮಾತನ್ನು 1942ರಲ್ಲಿ ಬಳಕೆಗೆ ತಂದ ಬ್ರಿಟನ್ನಿನ ಕಲಾವಿದ ಏಡ್ರಿಯನ್ ಹಿಲ್, ಅದಕ್ಕೂ ಮೊದಲು ಕ್ಷಯ ಹಿಡಿದು ಸ್ಯಾನಟೋರಿಯಂನಲ್ಲಿ ಮಲಗಿದ್ದಾಗ ಹಾಸಿಗೆಯಿಂದ ಕಾಣುವ ವಸ್ತುಗಳನ್ನೇ ಬರೆಯುತ್ತ ದಿನ ದೂಡಿದವರು. ಅವರೇನೋ ಮೊದಲೇ ಕಲಾವಿದರು ಅನ್ನಬಹುದು. ಸರಿ, 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 39 ಜನರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ಚೂರು ಕೊಟ್ಟು, 45 ನಿಮಿಷ ಏನು ಬೇಕಾದರೂ ಮಾಡಿ ಅಂದರು. ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅವರ ಉಗುಳು ಪರೀಕ್ಷೆ ಮಾಡಿದರು. ನೂರಕ್ಕೆ ಸುಮಾರು 75 ಮಂದಿಯಲ್ಲಿ ಕಾರ್ಟಿಸೋಲ್ ಇಳಿದಿತ್ತು. ಒತ್ತಡ ಜಾಸ್ತಿ ಆದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಮುಂಚೆ ಕಲೆ ಮಾಡಿದವರು, ಮಾಡದವರು ಅನ್ನುವುದರಿಂದ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೆ 'ನಮಗೆ ಬರಲ್ಲ' ಅಂತ ಹಿಂದೆ ಸರಿಯುವವರಿಗೆ ಇದನ್ನು ಹೇಳಲೇಬೇಕು ಅನಿಸುತ್ತದೆ.

ಕಸೂತಿಯೇ ಆಗಬೇಕಂತಿಲ್ಲ. ಹಳೇ ಸೀರೆ ಕತ್ತರಿಸಿ ಕೌದಿ ಹೊಲಿಯಿರಿ, ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕಿ. ಕೈಗೆ ಕೆಲಸ ಇರಬೇಕು, ಲೆಕ್ಕ ಇರಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸೂಜಿದಾರ ಔಷಧಿ ಅಲ್ಲ. ವಾರಗಟ್ಟಲೆ ನಿದ್ದೆ, ಊಟ ಬೇಡವಾದರೆ, ಬದುಕೇ ಸಾಕು ಅನಿಸಿದರೆ, ಡಾಕ್ಟರ ಹತ್ತಿರ ಹೋಗಿ. ನಮ್ಮ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮನೆ ಬಿಟ್ಟು ಹೊರಡಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ಒಂದು ಮೊಳ ಮ್ಯಾಟಿ ಬಟ್ಟೆ, ಒಂದು ಸೂಜಿ, ಒಂದೇ ಬಣ್ಣದ ದಾರ ತನ್ನಿ. ಮ್ಯಾಟಿಯಲ್ಲಿ ಎಳೆ ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ತ್ರಾಸು ಕಡಿಮೆ. ಮೊದಲ ದಿನ ಗೋಪುರ ಬೇಡ. ಹತ್ತು ಹೊಲಿಗೆಯ ಒಂದು ನೇರ ಸಾಲು, ಹೋಗಿ ವಾಪಸ್ ಬನ್ನಿ. ಆಮೇಲೆ ಬಟ್ಟೆ ತಿರುಗಿಸಿ ಹಿಂಬದಿಯ ಫೋಟೋ ತೆಗೆದು ನಿಮ್ಮವರಿಗೆ ಯಾರಿಗಾದರೂ ಕಳಿಸಿ. ಕಳಿಸಲು ಯಾರೂ ಇಲ್ಲ ಅನಿಸಿದರೆ ನನಗೇ ಕಳಿಸಿ, ನೋಡುತ್ತೇನೆ.