"ಎಕ್ಸ್‌ಟರ್ನಲ್ ಡಿಸ್ಕ್ ಸಾಕಲ್ವಾ ಸಾರ್?"

ಸಾಕಾಗಲ್ಲ.

ಆಫೀಸಿನ ಫೈಲ್ ಸರ್ವರ್‌ಗೆ ಡಿಸ್ಕನ್ನು ಒಳಗೆ ಕೂರಿಸೋದೋ, ಯುಎಸ್‌ಬಿಯಲ್ಲಿ ಹೊರಗೆ ತಗುಲಿಸೋದೋ ಅಂತ ಯಾರೂ ಕೇಳಲ್ಲ. "ಸಾಕಲ್ವಾ?" ಅಂತಲೇ ಕೇಳ್ತಾರೆ. ಅಷ್ಟರಲ್ಲಿ ಆರ್ಡರ್ ಹೋಗಿರುತ್ತೆ. ನಾನು ಹೂಂ ಅನ್ನೋದೊಂದು ಬಾಕಿ.

ಸ್ಪೀಡಿನ ಮಾತು ಬಿಡಿ. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಕ್ಕರೆ ಹೆಚ್ಚು, ಯುಎಸ್‌ಬಿ 3.0 ಅಷ್ಟನ್ನು ಆರಾಮಾಗಿ ಕೊಡುತ್ತೆ. ತಂಟೆಯೆಲ್ಲ ಕರೆಂಟು, ಕೇಬಲ್ಲಿನದು. 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು. ಸರ್ವರ್ ಇರೋದು ಯುಪಿಎಸ್ ಮೇಲೆ, ಅಡಾಪ್ಟರ್ ಚುಚ್ಚಿರೋದು ಗೋಡೆಯ ಪ್ಲಗ್ಗಿಗೆ. ಕರೆಂಟ್ ಹೋದರೆ ಸರ್ವರ್ ಓಡ್ತಾನೇ ಇರುತ್ತೆ, ಡಿಸ್ಕ್ ಬರೆಯುತ್ತಾ ಬರೆಯುತ್ತಾ ಸಾಯುತ್ತೆ. ಕಸ ಗುಡಿಸುವಾಗ ಕೇಬಲ್ ಅಲುಗಿದರೂ ಇದೇ ಗತಿ.

ಆಮೇಲೆ ರೀಬೂಟ್. ಆ ಹೊತ್ತಿಗೆ ಡಿಸ್ಕ್ ಸಿಗಲಿಲ್ಲ ಅನ್ನಿ. ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ (fstab) ಫೈಲ್‌ನಲ್ಲಿ 'ನೋಫೇಲ್' (nofail, ಡಿಸ್ಕ್ ಇಲ್ಲದಿದ್ದರೂ ಮುಂದುವರಿ) ಇಲ್ಲದಿದ್ದರೆ ಲಿನಕ್ಸ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತೆ. ಇದ್ದರೆ ಇನ್ನೂ ಫಜೀತಿ: ಡಿಸ್ಕ್ ಮೌಂಟ್ ಆಗದೆ (ತನ್ನ ಫೋಲ್ಡರ್‌ಗೆ ಜೋಡಣೆಯಾಗದೆ) ಖಾಲಿ ಬಿದ್ದ ಫೋಲ್ಡರ್‌ಗೇ ಸಾಂಬಾ, ಅಂದರೆ ಫೈಲ್ ಹಂಚುವ ಸಾಫ್ಟ್‌ವೇರ್, ಫೈಲ್ ತುಂಬುತ್ತಾ ಹೋಗುತ್ತೆ, ಸಿಸ್ಟಮ್ ಡಿಸ್ಕ್ ಭರ್ತಿ. ಡಿಸ್ಕ್ ವಾಪಸ್ ಮೌಂಟ್ ಆದಾಗ ಆ ಫೈಲುಗಳು ಅದರಡಿ ಮರೆ. "ನಿನ್ನೆಯ ಬಿಲ್ಲೆಲ್ಲ ಮಾಯ" ಅಂತ ಫೋನ್ ಬರೋದು ಆಗಲೇ. ಹೊರಗಿನ ಡಿಸ್ಕೇ ಬೇಕು ಅಂತ ಹಠವಿದ್ದರೆ, ಅದನ್ನು ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರ್‌ಗೆ ರೂಟ್ (ಅಡ್ಮಿನ್) ಆಗಿ 'chattr +i' ಅನ್ನೋ ಬೀಗದ ಕಮಾಂಡ್ ಕೊಟ್ಟಿಡಿ. ಆಮೇಲೆ ಅಲ್ಲಿ ಯಾರೂ ಏನೂ ಬರೆಯೋಕಾಗಲ್ಲ.

ಒಳಗೆ ಎರಡು ಸಾಟಾ ಡಿಸ್ಕ್ (ಮದರ್‌ಬೋರ್ಡ್‌ಗೆ ಸಿಗಿಸುವಂಥದ್ದು), ರೇಡ್ 1 (ಎರಡರಲ್ಲೂ ಒಂದೇ ಮಾಹಿತಿ), ಮುಂದೊಂದು ಫ್ಯಾನ್: ಸಣ್ಣ ಆಫೀಸಿಗೆ ಇಷ್ಟು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ (SMART) ವರದಿಯಲ್ಲಿ 5 (ಕೆಟ್ಟು ಬದಲಿಸಿದ ಸೆಕ್ಟರ್) ಮತ್ತು 197ರ (ಓದಲಾಗದೆ ಬಾಕಿ ಇರುವ ಸೆಕ್ಟರ್) ಕಚ್ಚಾ ಮೌಲ್ಯ ಏರುತ್ತಿದ್ದರೆ ಡಿಸ್ಕ್ ಬದಲಿಸಿ. 199 (ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ) ಮಾತ್ರ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ, ಒಳ್ಳೆ ಡಿಸ್ಕ್ ಎಸೆಯಬೇಡಿ. ಅಗ್ಗದ ಯುಎಸ್‌ಬಿ ಡಬ್ಬಿಗಳಲ್ಲಿ ಕೆಲವು ಈ ವರದಿಯನ್ನೇ ದಾಟಿಸಲ್ಲ.

ಆದರೆ "ಯಾರೋ ಫೋಲ್ಡರ್ ಡಿಲೀಟ್ ಮಾಡಿದರೆ ಎಲ್ಲಿಂದ ತರೋದು?" ಅಂತ ಒಬ್ಬರೂ ಯಾಕೆ ಕೇಳಲ್ಲ? ರೇಡ್‌ನಲ್ಲಿ ಎರಡೂ ಡಿಸ್ಕಿಂದ ಒಟ್ಟಿಗೇ ಹೋಗುತ್ತೆ. ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೂ ಅಷ್ಟೇ. ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕೆಲಸ ಇರೋದು ಇಲ್ಲಿ. ಎರಡು ಇರಲಿ. ವಾರಕ್ಕೊಂದರಂತೆ ಸರದಿಯಲ್ಲಿ ಬ್ಯಾಕಪ್ ತೆಗೆದು, ಅನ್‌ಮೌಂಟ್ ಮಾಡಿ, ಕೇಬಲ್ ಬಿಚ್ಚಿ, ಒಂದನ್ನು ಆಫೀಸಿನಿಂದ ಹೊರಗಿಡಿ. ಹೊರಗೆ ಹೋಗುವ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿ, ಪಾಸ್‌ವರ್ಡ್ ಆ ಸರ್ವರ್‌ನಲ್ಲೇ ಬರೆದಿಡಬೇಡಿ. ತಿಂಗಳಿಗೊಮ್ಮೆ ಅದರಿಂದ ಒಂದೆರಡು ಫೈಲನ್ನು ಬೇರೆ ಮೆಷಿನ್ನಿಗೆ ಇಳಿಸಿ, ತೆರೆದು ನೋಡಿ.