9000 ಸುತ್ತಿನ ಎಂಜಿನ್ ಕೊಡುವ ಸುಖ

ಕಾರು ಓಡಿಸುವ ಹುಚ್ಚಿದೆ ಎಂದು ತಿಳಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಕಾರು ಎಷ್ಟು ವೇಗ ಹೋಗುತ್ತದೆ? ಪ್ರಶ್ನೆ ಸಹಜವಾದದ್ದೇ. ಆದರೆ ಇಂಥ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರ ಸಂತೋಷದಲ್ಲಿ ಆ ಅಂಕಿಗೆ ಇರುವ ಪಾಲು ಬಹಳ ಚಿಕ್ಕದು. ಗರಿಷ್ಠ ವೇಗವನ್ನು ಮುಟ್ಟುವ ಸಂದರ್ಭ ಸಾರ್ವಜನಿಕ ರಸ್ತೆಯಲ್ಲಿ ಬರುವುದಿಲ್ಲ, ಬರಲೂಬಾರದು. ನನ್ನ ಮಟ್ಟಿಗೆ ಸುಖವಿರುವುದು ಕೈಕಾಲು ಕೇಳಿದ್ದಕ್ಕೂ ಕಾರು ಮಾಡಿದ್ದಕ್ಕೂ ನಡುವಿನ ಅಂತರ ಕೂದಲೆಳೆಯಷ್ಟಾಗುವುದರಲ್ಲಿ. ಸ್ಟೀರಿಂಗನ್ನು ಬೆರಳಗಲ ತಿರುಗಿಸಿದರೆ ಕಾರಿನ ಮೂತಿ ಅಷ್ಟೇ ಹೊರಳಬೇಕು, ಬ್ರೇಕನ್ನು ತುಸು ಸಡಿಲಿಸಿದರೆ ಮುಂಭಾಗ ಅಷ್ಟೇ ಮೇಲೇಳಬೇಕು. ಇದು ಒಮ್ಮೆ ಅನುಭವಕ್ಕೆ ಬಂದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಒಳ್ಳೆಯ ತಿರುವನ್ನು ದಾಟುವುದೂ ದಿನವಿಡೀ ಮನಸ್ಸಿನಲ್ಲಿ ಉಳಿಯುತ್ತದೆ.

ನಾನು ಓಡಿಸುವುದು ಹೋಂಡಾ ಎಸ್2000. ಹೋಂಡಾ ಸಂಸ್ಥೆ ತನಗೆ ಐವತ್ತು ವರ್ಷ ತುಂಬಿದ ಸಂದರ್ಭಕ್ಕೆಂದು ರೂಪಿಸಿ, 1999ರಲ್ಲಿ ಮಾರುಕಟ್ಟೆಗೆ ಬಿಟ್ಟು, 2009ರವರೆಗೆ ತಯಾರಿಸಿದ ಎರಡೇ ಸೀಟಿನ, ಮೇಲ್ಛಾವಣಿ ಮಡಚಬಹುದಾದ ಕಾರು ಇದು. ಇದರ ಮುಖ್ಯ ಎಂಜಿನಿಯರ್ ಶಿಗೆರು ಉಯೆಹಾರಾ ಅದಕ್ಕೂ ಮೊದಲು ಅಲ್ಯೂಮಿನಿಯಂ ದೇಹದ ಎನ್‌ಎಸ್‌ಎಕ್ಸ್ ಕಾರನ್ನು ರೂಪಿಸಿದ್ದವರು. ಎಂಜಿನ್ ಪೂರ್ತಿಯಾಗಿ ಮುಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಕುಳಿತಿದೆ. ಸುಮಾರು 1250 ಕೆ.ಜಿ. ತೂಕವು ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ. ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಕಾಗದದ ಮೇಲೆ ಇವು ಒಣ ವಿವರಗಳಂತೆ ಕಾಣುತ್ತವೆ. ಚಾಲಕನ ಸೀಟಿನಲ್ಲಿ ಕುಳಿತಾಗ ಮಾತ್ರ, ಕಾರು ತನ್ನ ಮೂತಿಯ ಮೇಲೂ ಅಲ್ಲ, ಬಾಲದ ಮೇಲೂ ಅಲ್ಲ, ನಮ್ಮ ಸೊಂಟದ ಸುತ್ತಲೇ ತಿರುಗುತ್ತಿದೆ ಎನ್ನಿಸುವುದಕ್ಕೆ ಕಾರಣ ಈ ವಿವರಗಳೇ ಎಂಬುದು ಗೊತ್ತಾಗುತ್ತದೆ.

ಈ ಕಾರಿನ ಜೀವ ಅದರ ಎಂಜಿನ್. 1997 ಸಿಸಿಯ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ನಾಲ್ಕು ಸಿಲಿಂಡರ್‌ಗಳ ಈ ಎಂಜಿನ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ, 240 ಅಶ್ವಶಕ್ತಿಯನ್ನು 8300 ಸುತ್ತಿನಲ್ಲಿ ಕೊಡುತ್ತದೆ. ಅಂದರೆ ಪ್ರತಿ ಲೀಟರಿಗೆ 120 ಅಶ್ವಶಕ್ತಿ. ಪಿಸ್ಟನ್ ಓಡಾಡುವ ದೂರ 84 ಮಿ.ಮೀ. ಆದ್ದರಿಂದ 9000 ಸುತ್ತಿನಲ್ಲಿ ಪ್ರತಿಯೊಂದು ಪಿಸ್ಟನ್ ಒಂದು ಸೆಕೆಂಡಿಗೆ 150 ಬಾರಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಸರಾಸರಿ ವೇಗ ಸೆಕೆಂಡಿಗೆ 25 ಮೀಟರಿಗೂ ಹೆಚ್ಚು. ದಿನನಿತ್ಯ ಬಳಸಬಹುದಾದ, ಬೆಳಿಗ್ಗೆ ಗುಂಡಿ ಒತ್ತಿದರೆ ತಕರಾರಿಲ್ಲದೆ ಚಾಲೂ ಆಗುವ ಒಂದು ಕಾರಿನಲ್ಲಿ ಇದನ್ನು ಸಾಧಿಸಿದ್ದು ಸಣ್ಣ ಸಂಗತಿಯಲ್ಲ.

ಇದರ ಹಿಂದಿರುವ ತಂತ್ರ ವಿಟೆಕ್. ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳೇ ವಾಲ್ವುಗಳು; ತಿರುಗುತ್ತ ಅವನ್ನು ತೆರೆಯುವ ದಂಡ ಕ್ಯಾಮ್‌ಶಾಫ್ಟ್. ಅದರ ಮೇಲೆ ಎರಡು ಬಗೆಯ ಉಬ್ಬುಗಳಿರುತ್ತವೆ. ಕಡಿಮೆ ಸುತ್ತಿನಲ್ಲಿ ವಾಲ್ವುಗಳನ್ನು ಸಣ್ಣ ಉಬ್ಬುಗಳು ಮೆಲ್ಲಗೆ ತೆರೆಯುತ್ತವೆ. ಎಂಜಿನ್ ಸುಮಾರು 6000 ಸುತ್ತನ್ನು ದಾಟುತ್ತಿದ್ದಂತೆ ಆಯಿಲ್ ಒತ್ತಡದಿಂದ ಸಣ್ಣ ಪಿನ್ನುಗಳು ಸರಿದು, ಉಬ್ಬಿನ ಒತ್ತನ್ನು ವಾಲ್ವಿಗೆ ದಾಟಿಸುವ ರಾಕರ್ ಆರ್ಮ್‌ಗಳನ್ನು ಒಂದಕ್ಕೊಂದು ಬೆಸೆಯುತ್ತವೆ, ದೊಡ್ಡ ಉಬ್ಬು ಅಧಿಕಾರ ವಹಿಸಿಕೊಳ್ಳುತ್ತದೆ, ವಾಲ್ವುಗಳು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದುಕೊಳ್ಳುತ್ತವೆ. ಹೋಂಡಾ ಇದನ್ನು 1989ರಲ್ಲೇ ಇಂಟಿಗ್ರಾ ಕಾರಿನಲ್ಲಿ ತಂದಿತ್ತು. ಕೇಳುವ ಕಿವಿಗೆ ಆ ಬದಲಾವಣೆ ಸ್ಪಷ್ಟ: ಅಲ್ಲಿಯವರೆಗೆ ಸೌಮ್ಯವಾಗಿ ಗುನುಗುತ್ತಿದ್ದ ಎಂಜಿನ್ ಒಮ್ಮೆಲೇ ಗಂಟಲು ಬಿಚ್ಚಿ ಹಾಡತೊಡಗುತ್ತದೆ, ಬೆನ್ನು ಸೀಟಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ, ಮತ್ತು ಅಲ್ಲಿಂದ 9000ದವರೆಗಿನ ಮೂರು ಸಾವಿರ ಸುತ್ತುಗಳು ಆ ಎಂಜಿನ್ನಿಗಾಗಿಯೇ ಮೀಸಲಿಟ್ಟ ಬೇರೊಂದು ಲೋಕದಂತಿರುತ್ತವೆ. ಈಗಿನ ಟರ್ಬೊ ಎಂಜಿನ್‌ಗಳು ಎರಡು ಸಾವಿರ ಸುತ್ತಿಗೂ ಮೊದಲೇ ತಮ್ಮಲ್ಲಿರುವುದನ್ನೆಲ್ಲ ಕೊಟ್ಟುಬಿಡುತ್ತವೆ. ಅದು ಅನುಕೂಲ ನಿಜ. ಆದರೆ ಚಾಲಕನೇ ಸರಿಯಾದ ಗೇರ್ ಆರಿಸಿ, ಸರಿಯಾದ ಹೊತ್ತಿಗೆ ಸುತ್ತುಗಳನ್ನು ಏರಿಸಿ ದುಡಿದು ಪಡೆಯಬೇಕಾದ ಶಕ್ತಿಗೆ ಇರುವ ರುಚಿ ಅದಕ್ಕಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ದುಡಿಯುವುದೆಂದರೆ ಹೆಚ್ಚಿನ ಪಾಲು ಗೇರ್ ಬದಲಿಸುವುದೇ. ಆರು ಗೇರ್‌ಗಳ ಈ ಗೇರ್‌ಬಾಕ್ಸಿನ ಲಿವರ್ ಗಿಡ್ಡ. ಒಂದು ಗೇರಿನಿಂದ ಇನ್ನೊಂದಕ್ಕೆ ಮಣಿಕಟ್ಟು ತಿರುಗಿಸಿದರೆ ಸಾಕು, ಮೊಣಕೈ ಅಲುಗಬೇಕಿಲ್ಲ. ನಾಲ್ಕನೆಯ ಗೇರಿನಲ್ಲಿ ಒಂದು ತಿರುವಿನತ್ತ ಬರುತ್ತಿದ್ದೇವೆ ಎಂದುಕೊಳ್ಳಿ. ಬಲಗಾಲಿನ ಮುಂಪಾದ ಬ್ರೇಕಿನ ಮೇಲೆ ಒತ್ತಿರುತ್ತದೆ, ಎಡಗಾಲು ಕ್ಲಚ್ಚನ್ನು ತುಳಿಯುತ್ತದೆ, ಕೈ ಲಿವರನ್ನು ಮೂರನೆಯ ಗೇರಿಗೆ ಒಯ್ಯುತ್ತದೆ. ಎಂಜಿನ್ 4000 ಸುತ್ತಿನಲ್ಲಿದ್ದರೆ ಅದೇ ವೇಗದಲ್ಲಿ ಮೂರನೆಯ ಗೇರಿಗೆ ಸುಮಾರು 5100 ಸುತ್ತು ಬೇಕು. ಹಾಗೆಯೇ ಕ್ಲಚ್ ಬಿಟ್ಟರೆ ಹಿಂದಿನ ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸಬೇಕಾಗಿ ಬಂದು ಕಾರು ಮುಗ್ಗರಿಸುತ್ತದೆ. ಬ್ರೇಕಿನ ಭಾರದಲ್ಲಿ ಮೊದಲೇ ಹಗುರಾಗಿರುವ ಹಿಂಭಾಗ ಜಾರಲೂಬಹುದು. ಆದ್ದರಿಂದ ಬ್ರೇಕಿನ ಒತ್ತಡ ಎಳ್ಳಷ್ಟೂ ಬದಲಾಗದಂತೆ ಅದೇ ಬಲಪಾದದ ಹೊರ ಅಂಚನ್ನು ವಾಲಿಸಿ ಆಕ್ಸಿಲರೇಟರನ್ನು ಒಮ್ಮೆ ತಟ್ಟಬೇಕು. ಸುತ್ತು ಏರಿದ ಆ ಕ್ಷಣದಲ್ಲೇ ಕ್ಲಚ್ ಬಿಡಬೇಕು. ಇಷ್ಟೆಲ್ಲ ಅರೆ ಸೆಕೆಂಡಿನೊಳಗೆ ಮುಗಿಯುತ್ತದೆ. ಸರಿಯಾಗಿ ಆದಾಗ ಗೇರ್ ಬಿದ್ದದ್ದೇ ತಿಳಿಯುವುದಿಲ್ಲ, ಎಂಜಿನ್ನಿನ ದನಿ ಒಂದು ಮೆಟ್ಟಿಲು ಮೇಲೇರಿದ್ದು ಮಾತ್ರ ಕೇಳಿಸುತ್ತದೆ. ಈಗ ಅನೇಕ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ, ಮನುಷ್ಯನಿಗಿಂತ ಚೆನ್ನಾಗಿಯೂ ಮಾಡುತ್ತದೆ. ಆದರೂ ಪಾದಕ್ಕೆ ಅದು ಮೈಗೂಡಿದ ಮೇಲೆ ಸಿಗುವ ತೃಪ್ತಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ತಿರುವಿನಲ್ಲಿ ನಡೆಯುವುದನ್ನು ಅರ್ಥಮಾಡಿಕೊಳ್ಳಲು ಒಂದು ಮಾತು ನೆನಪಿದ್ದರೆ ಸಾಕು: ಒಂದು ಟೈರು ಯಾವ ಕ್ಷಣದಲ್ಲೂ ನೆಲವನ್ನು ಮುಟ್ಟಿರುವುದು ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ. ಬ್ರೇಕ್ ಹಿಡಿಯುವುದು, ತಿರುಗುವುದು, ಮುನ್ನುಗ್ಗುವುದು, ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು, ಮತ್ತು ಆ ಹಿಡಿತಕ್ಕೆ ಒಂದು ಮಿತಿಯಿದೆ. ಹಿಡಿತವನ್ನೆಲ್ಲ ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ಆದ್ದರಿಂದ ನುರಿತ ಚಾಲಕರು ತಿರುವಿನೊಳಗೆ ಹೋಗುತ್ತ ಬ್ರೇಕನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾರೆ, ಬಿಟ್ಟಷ್ಟೂ ಸ್ಟೀರಿಂಗನ್ನು ತಿರುಗಿಸುತ್ತಾರೆ. ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ಸರಿದು ಮುಂದಿನ ಟೈರುಗಳನ್ನು ನೆಲಕ್ಕೆ ಒತ್ತುತ್ತದೆ. ಆಕ್ಸಿಲರೇಟರ್ ತುಳಿದಾಗ ಅದೇ ತೂಕ ಹಿಂದಕ್ಕೆ ಬರುತ್ತದೆ. ತೂಕದ ಈ ಓಡಾಟವನ್ನು ಬೆನ್ನಿನಿಂದಲೂ ತೊಡೆಯಿಂದಲೂ ಓದಲು ಕಲಿಯುವುದೇ ಕಾರು ಓಡಿಸುವ ವಿದ್ಯೆಯ ಅರ್ಧಕ್ಕಿಂತ ಹೆಚ್ಚು.

ಎಸ್2000ದ ಮೊದಲ ವರ್ಷಗಳ ಮಾದರಿಗಳು ಈ ವಿದ್ಯೆಯನ್ನು ಗಟ್ಟಿಯಾಗಿಯೇ ಕಲಿಸುತ್ತವೆ. ಸಸ್ಪೆನ್ಷನ್ ಕುಗ್ಗಿ ಹಿಗ್ಗುವಾಗ ಅವುಗಳ ಹಿಂದಿನ ಚಕ್ರಗಳ ದಿಕ್ಕು ಸ್ವಲ್ಪ ಬದಲಾಗುತ್ತದೆ, ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಅವುಗಳಲ್ಲಿ ಇಲ್ಲ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದರೆ ಹಿಂಭಾಗ ಮುಂದಕ್ಕೆ ಬರಲು ಹವಣಿಸುತ್ತದೆ, ಅದೂ ಮಳೆಯಲ್ಲಿ ಬಹಳ ಬೇಗ. 2004ರ ಪರಿಷ್ಕರಣೆಯಲ್ಲಿ ಹೋಂಡಾ ಹಿಂದಿನ ಸಸ್ಪೆನ್ಷನ್ನನ್ನು ತಿದ್ದಿ ಕಾರನ್ನು ಸಾಧುವಾಗಿಸಿತು. ಅದು ಒಳ್ಳೆಯದೇ ಆಯಿತು. ಆದರೂ ಹಳೆಯ ಮಾದರಿಯಲ್ಲಿ ಓಡಾಡಿದವರಿಗೆ ಒದ್ದೆ ರಸ್ತೆಯಲ್ಲಿ ಪಾದವನ್ನು ಹೇಗೆ ಮೃದುವಾಗಿ ಎತ್ತಬೇಕೆಂಬುದು ಜೀವಮಾನಕ್ಕಾಗುವಷ್ಟು ಗೊತ್ತಿರುತ್ತದೆ. ಈ ಕಾರಿನಲ್ಲಿ ಕೊರತೆ ಎಂದು ನಾನು ಒಪ್ಪುವುದು ಸ್ಟೀರಿಂಗನ್ನು. ಅದಕ್ಕೆ ವಿದ್ಯುತ್ ಮೋಟರಿನ ನೆರವಿದೆ. ದಿಕ್ಕು ನಿಖರವಾಗಿಯೇ ಬದಲಾಗುತ್ತದೆ, ಆದರೆ ಟೈರಿನ ಕೆಳಗಿನ ನೆಲ ಹೇಗಿದೆ ಎಂಬ ಸುದ್ದಿ ಅಂಗೈಗೆ ಅರ್ಧಂಬರ್ಧ ಮಾತ್ರ ತಲುಪುತ್ತದೆ.

ಆ ಸುದ್ದಿ ಪೂರ್ತಿಯಾಗಿ ಸಿಗುವುದು ಲೋಟಸ್ ಎಲೀಸ್‌ನಂಥ ಕಾರಿನಲ್ಲಿ. 1996ರಲ್ಲಿ ಬಂದ ಅದರ ಮೊದಲ ಮಾದರಿಯ ತೂಕ ಸುಮಾರು 725 ಕೆ.ಜಿ., ಶಕ್ತಿ 118 ಅಶ್ವಶಕ್ತಿ, ಸ್ಟೀರಿಂಗಿಗೆ ಯಾವ ನೆರವೂ ಇಲ್ಲ. ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟಿನಿಂದ ಜೋಡಿಸಿದ ಅದರ ಚೌಕಟ್ಟು ಇಂದಿಗೂ ಎಂಜಿನಿಯರುಗಳ ಮೆಚ್ಚುಗೆಗೆ ಪಾತ್ರವಾಗಿದೆ. ಇಂಥ ಸಂತೋಷಕ್ಕೆ ದಾರಿಗಳು ಹಲವು. 1976ರ ಮೊದಲ ಗಾಲ್ಫ್ ಜಿಟಿಐ ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳುವ ಸಣ್ಣ ಕಾರಿಗೆ 110 ಅಶ್ವಶಕ್ತಿ ಕೊಟ್ಟು ಹೊಸದೊಂದು ವರ್ಗಕ್ಕೇ ನಾಂದಿ ಹಾಡಿತು. 1963ರಲ್ಲಿ ಕಾಣಿಸಿಕೊಂಡ ಪೋರ್ಷೆ 911 ಎಂಜಿನ್ನನ್ನು ಹಿಂದಿನ ಆಕ್ಸಲ್ಲಿನಾಚೆ ತೂಗುಹಾಕಿಕೊಂಡು, ತರ್ಕದ ಪ್ರಕಾರ ಕೆಡಬೇಕಾದ ಕಾರನ್ನು ದಶಕಗಳ ಪಟ್ಟು ಹಿಡಿದ ಕೆಲಸದಿಂದ ಶ್ರೇಷ್ಠ ಕಾರುಗಳ ಸಾಲಿಗೆ ತಂದಿತು. 1989ರಿಂದ ಬರುತ್ತಿರುವ ಮಾಜ್ದಾ ಎಂಎಕ್ಸ್-5 ಕಾರಿನ ಶಕ್ತಿ ಸಾಧಾರಣ, ಆದರೆ 2016ರ ಹೊತ್ತಿಗೆ ಅದರ ತಯಾರಿಕೆ ಹತ್ತು ಲಕ್ಷ ಮುಟ್ಟಿತ್ತು. ಇಷ್ಟು ಜನ ಅದನ್ನು ಕೊಂಡದ್ದು ಅಶ್ವಶಕ್ತಿಗಾಗಿ ಅಲ್ಲ. ಈಗಿನ ವಿದ್ಯುತ್ ಕಾರುಗಳು ಇವೆಲ್ಲವನ್ನೂ ನೇರ ರಸ್ತೆಯಲ್ಲಿ ಹಿಂದೆ ಹಾಕುತ್ತವೆ. ಬ್ಯಾಟರಿಯ ತೂಕ ಇಳಿದ ದಿನ ತಿರುವಿನಲ್ಲೂ ಅವು ನನ್ನ ಮನಸ್ಸು ಗೆಲ್ಲಬಹುದು.

ಕಾರಿನ ಪೂರ್ಣ ಸಾಮರ್ಥ್ಯವನ್ನು ನೋಡಬೇಕೆಂದರೆ ಟ್ರ್ಯಾಕಿಗೇ ಹೋಗಬೇಕು. ಎದುರಿನಿಂದ ಯಾರೂ ಬರುವುದಿಲ್ಲ, ದಾಟುವವರಿಲ್ಲ, ಜಾರಿದರೆ ನಿಲ್ಲಲು ಜಾಗವಿರುತ್ತದೆ. 1927ರಲ್ಲಿ ಆರಂಭವಾದ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ 20.8 ಕಿಲೋಮೀಟರ್ ಉದ್ದದ ಉತ್ತರ ಸುತ್ತಿನಲ್ಲಿ ಇಂದಿಗೂ ಸಾಮಾನ್ಯರು ಹಣ ಕೊಟ್ಟು ತಮ್ಮ ಕಾರು ಓಡಿಸಬಹುದು ಎಂಬುದು ನನಗೆ ಬಹಳ ದೊಡ್ಡ ಔದಾರ್ಯವಾಗಿ ಕಾಣುತ್ತದೆ. ಟ್ರ್ಯಾಕಿನಲ್ಲಿ ಮೊದಲು ಸೋಲುವುದು ಎಂಜಿನ್ ಅಲ್ಲ, ಬ್ರೇಕು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, 100 ಕಿಲೋಮೀಟರ್ ವೇಗದಿಂದ ನಿಲ್ಲುವಾಗ ಹುಟ್ಟುವ ಶಾಖದ ಎರಡೂವರೆ ಪಟ್ಟು ಶಾಖ 160ರಿಂದ ನಿಲ್ಲುವಾಗ ಹುಟ್ಟುತ್ತದೆ, ಅದೂ ಪ್ರತಿ ಸುತ್ತಿನಲ್ಲೂ, ಮತ್ತೆ ಮತ್ತೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು, ತೇವ ಸೇರಿದ ಮೇಲೆ ಅದೇ ಮಿತಿ 155 ಡಿಗ್ರಿ. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ, ಪೆಡಲ್ ಹತ್ತಿಯಂತೆ ಮೆತ್ತಗಾಗಿ ತಳದವರೆಗೂ ಇಳಿಯುತ್ತದೆ. ಹೀಗಾಗಿ ಟ್ರ್ಯಾಕಿಗೆ ಹೋಗುವ ಮುನ್ನ ಬ್ರೇಕ್ ಆಯಿಲನ್ನು ನಾನು ತಪ್ಪದೆ ಬದಲಿಸುತ್ತೇನೆ.

ಈ ಕೆಲಸವನ್ನು ನಾನೇ ಮಾಡುವುದೂ ಸಂತೋಷದ ಒಂದು ಭಾಗ. ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಸಣ್ಣ ತಿರುಪಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಒಳಗೆ ಇನ್ನೊಬ್ಬರು ಪೆಡಲ್ ಒತ್ತುತ್ತಿರುವಾಗ ತಿರುಪನ್ನು ಸಡಿಲಿಸಿದರೆ, ಮೊದಲು ಕಂದು ಬಣ್ಣದ ಹಳೆಯ ಆಯಿಲ್ ಬರುತ್ತದೆ, ನಡುನಡುವೆ ಗುಳ್ಳೆಗಳು, ಆಮೇಲೆ ತಿಳಿಯಾದ ಹೊಸದು. ಪೆಡಲ್ ಮೇಲಕ್ಕೇರುವ ಮೊದಲೇ ತಿರುಪನ್ನು ಬಿಗಿಯಬೇಕು, ಇಲ್ಲವಾದರೆ ಗಾಳಿ ಒಳಗೆ ಸೇರುತ್ತದೆ. ಇದನ್ನು ಕೈಯಾರೆ ಮಾಡಿದವರಿಗೆ ಮುಂದೆ ಪೆಡಲಿನ ಪ್ರತಿಯೊಂದು ಸೂಕ್ಷ್ಮವೂ ಕಾಲಿಗೆ ಬೇರೆಯಾಗಿಯೇ ತಿಳಿಯುತ್ತದೆ. 9000 ಸುತ್ತಿನ ಎಂಜಿನ್ ತನ್ನೊಳಗಿನ ಆಯಿಲನ್ನೂ ಸ್ವಲ್ಪ ಕುಡಿಯುತ್ತದೆ, ಆದ್ದರಿಂದ ಅದರ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸ ಬಿಡುವಂತಿಲ್ಲ. ವಾಲ್ವುಗಳ ಸಂದನ್ನು ಕಾಲಕಾಲಕ್ಕೆ ಅಳೆದು ಸರಿಪಡಿಸಬೇಕು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಮೇಲೆ ನೀರಿನ ಬಿಸಿ ತೋರಿಸುವ ಸೂಚಕವನ್ನು ನಂಬಿ ಎಂಜಿನ್ನನ್ನು ಜೋರಾಗಿ ತಿರುಗಿಸಬಾರದು. ಆಯಿಲ್ ಬಿಸಿಯಾಗಲು ನೀರಿಗಿಂತ ಹೆಚ್ಚು ಹೊತ್ತು ಬೇಕು, ಅಲ್ಲಿಯವರೆಗೆ ನಾನು 4000 ಸುತ್ತನ್ನು ದಾಟುವುದಿಲ್ಲ. ಕಾಯುವ ಆ ಹೊತ್ತು ನನಗೆ ಇಷ್ಟವೇ. ಗೇರ್‌ಬಾಕ್ಸ್ ಮೆಲ್ಲಗೆ ಸಡಿಲಗೊಳ್ಳುವುದು, ಟೈರುಗಳು ಬೆಚ್ಚಗಾಗುವುದು, ಎಲ್ಲವೂ ಅಷ್ಟರಲ್ಲಿ ಕೈಗೆ ತಿಳಿಯುತ್ತದೆ.

ಇಂಥದೊಂದು ಕಾರು ಕೊಳ್ಳಬೇಕೆಂದಿರುವವರು ಹೆಚ್ಚು ಶಕ್ತಿ ಕೊಡುವ ಬಿಡಿಭಾಗಗಳ ಹಿಂದೆ ಬೀಳುವ ಮೊದಲು ಟೈರುಗಳನ್ನು ನೋಡಲಿ. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2321 ಎಂದಿದ್ದರೆ ಅದು 2021ರ 23ನೆಯ ವಾರದ್ದು. ಅಪರೂಪಕ್ಕೆ ಓಡಿದ ಕಾರಿನ ಟೈರು ಕಣ್ಣಿಗೆ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರಬಹುದು. ಟೈರಿನ ನಂತರ ಬ್ರೇಕ್ ಪ್ಯಾಡು ಮತ್ತು ಆಯಿಲ್, ಆಮೇಲೆ ಚಕ್ರಗಳ ಅಲೈನ್‌ಮೆಂಟ್. ಅಷ್ಟಾದ ಮೇಲೂ ಕೈಯಲ್ಲಿ ಹಣ ಉಳಿದಿದ್ದರೆ, ಟ್ರ್ಯಾಕಿನಲ್ಲಿ ಒಬ್ಬ ಒಳ್ಳೆಯ ತರಬೇತುದಾರರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಂದು ದಿನ ಕಳೆಯಲಿ. ಕಾರಿನ ಯಾವ ಭಾಗವನ್ನು ಬದಲಿಸಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬುದು ಆ ದಿನದ ಸಂಜೆಯ ಹೊತ್ತಿಗೆ ಅವರಿಗೇ ಗೊತ್ತಾಗಿರುತ್ತದೆ.